ಐದು ಸ್ವರ, ಒಂದು ಹಾಡು

ಕೇಳುಗರಿಗೆಲ್ಲ ನಮಸ್ಕಾರ.

ಕಲೋತ್ಸವ ಹತ್ತಿರ ಬಂತೆಂದರೆ ನಮ್ಮ ಕಾಸರಗೋಡಿನ ಕನ್ನಡ ಶಾಲೆಗಳಲ್ಲಿ ಸಮೂಹಗಾನದ ಅಭ್ಯಾಸ ಜೋರು. ಬದಿಯಡ್ಕವಿರಲಿ, ಮಂಜೇಶ್ವರವಿರಲಿ, ಟೀಚರ್ ಹೇಳುವ ಮಾತು ಒಂದೇ: "ಯಾರ ಸ್ವರವೂ ಬೇರೆಯಾಗಿ ಕೇಳಬಾರದು." ಸ್ಪರ್ಧೆಗೆ ಅದು ಸರಿಯೇ. ಆದರೆ ಬೇರೆ ಬೇರೆ ಸ್ವರಗಳು ಹಾಗೆಯೇ ಉಳಿದುಕೊಂಡು ಒಂದು ಹಾಡಾಗುವುದೂ ಉಂಟು. ಅಂಥದ್ದನ್ನು ಕೇಳಬೇಕಾದರೆ ಇಂಗ್ಲೆಂಡಿನ ಸ್ಪೈಸ್ ಗರ್ಲ್ಸ್ ತಂಡದ ಮೊದಲ ಆಲ್ಬಂ 'ಸ್ಪೈಸ್' ಹಾಕಿ ನೋಡಿ. ಬ್ರಿಟನ್ನಿನಲ್ಲಿ ಅದು ಬಿಡುಗಡೆಯಾದದ್ದು 1996ರ ನವೆಂಬರಿನಲ್ಲಿ.

ಈ ತಂಡ ಗೆಳತಿಯರು ತಾವಾಗಿ ಕಟ್ಟಿದ್ದಲ್ಲ. 1994ರಲ್ಲಿ ಪತ್ರಿಕೆಯಲ್ಲಿ ಜಾಹೀರಾತು ಕೊಟ್ಟು, ಹಾಡಿಸಿ, ಕುಣಿಸಿ ಆರಿಸಿದ ಹುಡುಗಿಯರು. "ಹೇಳಿದ್ದನ್ನು ಹಾಡುವ ಗೊಂಬೆಗಳು" ಅಂತ ಈಗಲೂ ಹೇಳುವವರಿದ್ದಾರೆ. ನನಗೆ ಆ ಮಾತು ಸ್ವಲ್ಪವೂ ಒಪ್ಪಿಗೆಯಿಲ್ಲ. ಆರಿಸಿದ ಮ್ಯಾನೇಜರುಗಳನ್ನೇ ಬಿಟ್ಟು 1995ರಲ್ಲಿ ಹೊರಟುಬಂದವರು ಇವರು. ಆಲ್ಬಮ್ಮಿನ ಹತ್ತು ಹಾಡುಗಳಲ್ಲೂ ಬರೆದವರ ಸಾಲಿನಲ್ಲಿ ತಂಡದ ಐವರ ಹೆಸರೂ ಇದೆ. ಯಾರು ಎಷ್ಟು ಬರೆದರು ಅಂತ ಲೆಕ್ಕ ಹಾಕದೆ, ತಮ್ಮ ಪಾಲನ್ನು ಐವರೂ ಸಮವಾಗಿ ಹಂಚಿಕೊಂಡರು. ಇಪ್ಪತ್ತರ ಆಸುಪಾಸಿನ ಹುಡುಗಿಯರಿಗೆ ಅದು ಸಣ್ಣ ತೀರ್ಮಾನವಲ್ಲ.

ಮೊದಲು ಯಾವ ಹಾಡು ಹೊರಬರಬೇಕು ಎಂಬ ಚರ್ಚೆಯಲ್ಲೂ ಹಾಗೆಯೇ. ರೆಕಾರ್ಡ್ ಕಂಪನಿಯ ದೊಡ್ಡವರಿಗೆ ಬೇರೆ ಹಾಡು ಬೇಕಿತ್ತು. ಹುಡುಗಿಯರು 'ವಾನಬಿ' ಎಂದೇ ಹಟ ಹಿಡಿದರು. ಅದು ಬ್ರಿಟನ್ನಿನಲ್ಲಿ ಏಳು ವಾರ ಮೊದಲ ಸ್ಥಾನದಲ್ಲಿತ್ತು!

ಆ ಹಾಡಿನ ಮೊದಲ ಕೆಲವು ಸೆಕೆಂಡುಗಳನ್ನು ದಯವಿಟ್ಟು ಗಮನವಿಟ್ಟು ಕೇಳಿ. ವಾದ್ಯಕ್ಕಿಂತ ಮುಂಚೆ ಓಡಿಬರುವ ಹೆಜ್ಜೆ ಸದ್ದು, ಮೇಲಿಂದ ಒಂದು ನಗು. ಅದು ಐವರಲ್ಲಿ ಒಬ್ಬಳಾದ ಮೆಲ್ ಬಿ. ಆಮೇಲೆ ಅವಳೂ ಗೆರಿಯೂ ಒಬ್ಬರ ಮಾತಿಗೆ ಇನ್ನೊಬ್ಬರು ಮಾತು ಸೇರಿಸುತ್ತಾ ಹೋಗುತ್ತಾರೆ. ಬಸ್ಸಿನ ಹಿಂದಿನ ಸೀಟಿನಲ್ಲಿ ಕೂತ ಕಾಲೇಜು ಹುಡುಗಿಯರ ಹರಟೆಯ ಹಾಗೆ! ಮೆಲ್ ಸಿಯ ಗಂಟಲು ಗಟ್ಟಿ, ಮೇಲಿನ ಸ್ವರಗಳೆಲ್ಲ ಅವಳದ್ದೇ. ಎಮ್ಮಾಳದ್ದು ಮೆದು. ಇಡೀ ಆಲ್ಬಮ್ಮಿನಲ್ಲಿ ವಿಕ್ಟೋರಿಯಾಗೆ ಸಿಕ್ಕ ಸಾಲು ಕಡಿಮೆ, ಅದು ನನಗೆ ಬೇಸರವೇ. ಎರಡು ಸಲ ಕೇಳಿದರೆ ಯಾರ ಸ್ವರ ಯಾವುದು ಅಂತ ಕಣ್ಣು ಮುಚ್ಚಿ ಹೇಳಬಹುದು.

ಎರಡನೇ ಹಾಡಿನಲ್ಲಿ ಬರುವ ಮೌತ್ ಆರ್ಗನ್ ಸೊಗಸಾಗಿದೆ, ನುಡಿಸಿದವರು ಜಡ್ ಲ್ಯಾಂಡರ್. ಕೆಲವು ಹಾಡುಗಳು ಸುಮ್ನೆ ಕುಣಿಯುವುದಕ್ಕೆ, ಅಷ್ಟೇ. ಆದರೆ 'ಮಾಮಾ' ಬಿಡಬೇಡಿ. ಚಿಕ್ಕವಳಿದ್ದಾಗ ಅಮ್ಮನ ಜೊತೆ ಜಗಳವಾಡಿದವಳು, ದೊಡ್ಡವಳಾದ ಮೇಲೆ ಅಮ್ಮನನ್ನು ಅರ್ಥ ಮಾಡಿಕೊಳ್ಳುವ ಹಾಡು. ಕೊನೆಗೆ ಚರ್ಚಿನ ಗಾಯನವೃಂದದಂತೆ ತುಂಬಾ ಸ್ವರಗಳು ಬಂದು ಸೇರುತ್ತವೆ. ಆಗಲೂ ಹುಡುಗಿಯರ ದನಿ ಅದರಲ್ಲಿ ಮುಳುಗುವುದಿಲ್ಲ.

ಟೀಚರ್‌ಗಳಲ್ಲಿ ನನ್ನದೊಂದು ಕೋರಿಕೆ. ಕಲೋತ್ಸವ ಮುಗಿದ ಮೇಲೆ ಅದೇ ಮಕ್ಕಳಿಗೆ ಒಂದು ಮಧ್ಯಾಹ್ನ ಬಿಟ್ಟುಕೊಡಿ. ಹಾಡು ಅವರೇ ಕಟ್ಟಲಿ. ನಮ್ಮ ಒಂದೊಂದು ತರಗತಿಯಲ್ಲೂ ತುಳು, ಮಲಯಾಳ, ಕೊಂಕಣಿ, ಹವ್ಯಕ ಮಾತಾಡುವ ಮನೆಗಳ ಮಕ್ಕಳಿದ್ದಾರೆ, ಅಲ್ವಾ? ಒಬ್ಬೊಬ್ಬಳಿಗೂ ಒಂದೊಂದು ಸಾಲು ಸಿಗಲಿ. ಅವಳ ಮನೆಮಾತಿನಲ್ಲೇ, ಅವಳ ಸ್ವರದಲ್ಲೇ.

ನಮಸ್ಕಾರ.