ಬಿಕರಿಯಾಗೋ ಕಸ, ಬೀದಿಗೆ ಬೀಳೋ ಕಸ

ಕೇಳುಗರೆಲ್ಲರಿಗೂ ನಮಸ್ಕಾರ.

ನಾಳೆ ಬೆಳಿಗ್ಗೆ ವಾಕಿಂಗ್‌ಗೋ ಹಾಲು ತರೋಕೋ ಹೊರಟಾಗ ನಿಮ್ಮ ಬೀದಿ ಮೋರೀನ ಒಂದ್ಸಲ ಬಗ್ಗಿ ನೋಡಿ. ಅಲ್ಲಿ ಏನಿದೆ ಅನ್ನೋದು ನಮಗೆಲ್ಲ ಗೊತ್ತೇ ಇದೆ, ಏನಿಲ್ಲ ಅಂತ ನೋಡಿ. ಬಿಯರ್ ಬಾಟ್ಲಿ ಇರಲ್ಲ. ರಟ್ಟಿನ ಬಾಕ್ಸ್ ಇರಲ್ಲ. ಕಬ್ಬಿಣದ ಚೂರಂತೂ ದುರ್ಬೀನು ಹಾಕಿ ಹುಡುಕಿದ್ರೂ ಸಿಗಲ್ಲ. ಇರೋದೆಲ್ಲಾ ಪಾನ್ ಮಸಾಲ ಪಾಕೀಟು, ಚಿಪ್ಸ್ ಪ್ಯಾಕೆಟ್ಟು, ಬಿಸ್ಕತ್ತಿನ ರ‍್ಯಾಪರ್ರು, ಶಾಂಪೂ ಸ್ಯಾಶೆ, ಸೊಪ್ಪು ತಂದ ತೆಳ್ಳನೆ ಕವರು. ನಮ್ಮ ಜನಕ್ಕೆ ಸಿವಿಕ್ ಸೆನ್ಸ್ ಇಲ್ಲ ಅಂತ ಎಲ್ಲರೂ ಬೈಕೊಂಡು ಓಡಾಡ್ತೀವಿ, ಸರಿ, ಇಲ್ಲ ಅಂತಾನೇ ಇಟ್ಕೊಳ್ಳಿ, ಆದ್ರೆ ಅದೇ ಜನ ಬಿಯರ್ ಬಾಟ್ಲಿನೂ ಎಸೀತಾರಲ್ವಾ, ಅದೆಲ್ಲಿ ಹೋಯ್ತು? ಬೆಳಕು ಹರಿಯೋದ್ರೊಳಗೆ ಯಾರೋ ಚೀಲಕ್ಕೆ ಹಾಕ್ಕೊಂಡು ಹೋಗಿರ್ತಾರೆ, ಯಾಕಂದ್ರೆ ಅದಕ್ಕೆ ಗುಜರೀಲಿ ಕಾಸಿದೆ. ರ‍್ಯಾಪರ್‌ಗೆ ಕಾಸಿಲ್ಲ, ಅದಕ್ಕೇ ಅದು ಅಲ್ಲೇ ಬಿದ್ದಿರುತ್ತೆ, ಮಳೆ ಬಂದಾಗ ಮೋರಿ ಕಟ್ಕೊಳುತ್ತೆ.

ಗುಜರಿ ಅಂಗಡಿ ಮುಂದೆ ಸ್ವಲ್ಪ ಹೊತ್ತು ನಿಂತ್ಕೊಂಡು ನೋಡಿ, ಪ್ಲಾಸ್ಟಿಕ್ ವಿಷಯದಲ್ಲಿ ಅದಕ್ಕಿಂತ ಒಳ್ಳೆ ಪಾಠ ಎಲ್ಲೂ ಸಿಗಲ್ಲ. ಹಾಲಿನ ಕವರ್ ಒಂದು ಮೂಟೆ, ನೀರಿನ ಬಾಟ್ಲಿ ಇನ್ನೊಂದು, ಮುರಿದ ಬಕೆಟ್ಟು ಕುರ್ಚಿ ಬೇರೆ, ರಟ್ಟು ಬೇರೆ. ಕಸ ಆಯೋರು ತಂದ ಚೀಲ ಸುರಿದ ತಕ್ಷಣ ಅಂಗಡಿಯವರ ಕೈ ಓಡುತ್ತೆ. ಪ್ಯಾಕೆಟ್ ಒಳಗೆ ಬೆಳ್ಳಿ ಥರ ಹೊಳೀತಿದ್ರೆ ಮುಗೀತು, ಪಕ್ಕಕ್ಕೆ ಎಸೀತಾರೆ, ತಕ್ಕಡಿಗೆ ಹತ್ತಲ್ಲ. ಯಾಕಂದ್ರೆ ಅದು ಒಂದು ಪ್ಲಾಸ್ಟಿಕ್ ಅಲ್ಲ, ಎರಡು ಮೂರು ಪದರ ಪ್ಲಾಸ್ಟಿಕ್ಕು, ಮಧ್ಯೆ ಅಲ್ಯೂಮಿನಿಯಂ ಲೇಪ, ಎಲ್ಲಾ ಸೇರಿಸಿ ಅಂಟಿಸಿರ್ತಾರೆ. ಬೇರೆ ಬೇರೆ ಮಾಡಿ ಕರಗಿಸೋದು ಯಾರಿಗೂ ಗಿಟ್ಟಲ್ಲ. ಕಡೆಗೆ ಅದು ಗುಡ್ಡೆ ಬೀಳುತ್ತೆ, ಇಲ್ಲಾಂದ್ರೆ ಸಿಮೆಂಟ್ ಫ್ಯಾಕ್ಟರಿಗೆ ಉರಿಸೋಕೆ ಹೋಗುತ್ತೆ, ಆ ಲಾರಿ ಬಾಡಿಗೇನೂ ಸಾಮಾನ್ಯವಾಗಿ ಊರಿನ ತಲೆ ಮೇಲೇನೇ, ಅಂದ್ರೆ ನಾವೇ ಕೊಡೋದು.

ಈಗ ಸರ್ಕಾರ ಏನು ಮಾಡಿದೆ ಅಂತ ನೋಡಿ. ನಮ್ಮ ರಾಜ್ಯದಲ್ಲಿ 2016ರ ಮಾರ್ಚ್‌ನಲ್ಲೇ ಕ್ಯಾರಿ ಬ್ಯಾಗು, ಫ್ಲೆಕ್ಸು, ಪ್ಲಾಸ್ಟಿಕ್ ತಟ್ಟೆ ಲೋಟ ಎಲ್ಲ ನಿಷೇಧ ಆಯ್ತು. ಆಮೇಲೆ 2022ರ ಜುಲೈ 1ರಿಂದ ಕೇಂದ್ರ ಸರ್ಕಾರ ಇಡೀ ದೇಶದಲ್ಲಿ ಸ್ಟ್ರಾ, ಚಮಚ, ತಟ್ಟೆ, ಇಯರ್ ಬಡ್ ಕಡ್ಡಿ, ಸ್ವೀಟ್ ಬಾಕ್ಸ್ ಮೇಲೆ ಸುತ್ತೋ ಹಾಳೆ ಅಂತ ಒಂದು ಪಟ್ಟೀನೇ ಬಂದ್ ಮಾಡ್ತು, ಅದೇ ವರ್ಷದ ಕೊನೇಗೆ ಕ್ಯಾರಿ ಬ್ಯಾಗ್ 120 ಮೈಕ್ರಾನ್‌ಗಿಂತ ತೆಳ್ಳಗಿರಬಾರದು ಅಂತ ಬಂತು. ಪಟ್ಟಿ ಚೆನ್ನಾಗೇ ಇದೆ, ನನ್ನ ತಕರಾರಿಲ್ಲ. ಆದ್ರೆ ಈ ಪಟ್ಟಿ ಹಿಡ್ಕೊಂಡು ಅಧಿಕಾರಿಗಳು ಹೋಗೋದು ಎಲ್ಲಿಗೆ? ತಳ್ಳೋ ಗಾಡಿ ಸೊಪ್ಪಿನಮ್ಮನ ಹತ್ರ, ಹೂವಿನವರ ಹತ್ರ. ಆಯಮ್ಮ ಕವರ್ ಇಲ್ಲ ಅಂದ್ರೆ ನಾವು ಪಕ್ಕದ ಗಾಡಿಗೆ ಹೋಗ್ತೀವಿ, ಇದೆ ಅಂದ್ರೆ ದಂಡ ಬೀಳುತ್ತೆ. ಎರಡು ಕಡೆಯಿಂದಲೂ ಏಟು ಅವರಿಗೇ. ಕವರ್ ತಯಾರು ಮಾಡೋ ಫ್ಯಾಕ್ಟರಿಗೆ ಯಾವಾಗ್ಲೋ ಒಂದ್ಸಲ ದಾಳಿ, ಪೇಪರ್‌ನಲ್ಲಿ ಫೋಟೋ, ಅಷ್ಟೆ.

ಆ ಬೆಳ್ಳಿ ಹೊಳಪಿನ ಪ್ಯಾಕೆಟ್ಟಿನ ಕಥೆ ಇನ್ನೂ ಸ್ವಾರಸ್ಯವಾಗಿದೆ. 2016ರ ಕೇಂದ್ರದ ನಿಯಮದಲ್ಲಿ ಮರುಬಳಕೆಗೆ ಬಾರದ ಬಹುಪದರದ ಪ್ಲಾಸ್ಟಿಕ್ ಎರಡು ವರ್ಷದಲ್ಲಿ ನಿಲ್ಲಬೇಕು ಅಂತ ಇತ್ತು. ಎರಡು ವರ್ಷ ತುಂಬಿದಾಗ, 2018ರಲ್ಲಿ, ನಿಯಮಕ್ಕೆ ತಿದ್ದುಪಡಿ ಬಂತು, ಸುಟ್ಟು ಶಕ್ತಿ ತೆಗೆಯೋಕೂ ಆಗದ, ಬೇರೆ ಯಾವ ಉಪಯೋಗಕ್ಕೂ ಬಾರದ ಪ್ಲಾಸ್ಟಿಕ್ ಮಾತ್ರ ನಿಲ್ಲಬೇಕು ಅಂತ. ಸುಡೋಕೆ ಆಗದ ಪ್ಲಾಸ್ಟಿಕ್ ಯಾವುದು ಹೇಳಿ ನೋಡೋಣ! ಅಲ್ಲಿಗೆ ಚಿಪ್ಸು ಬಿಸ್ಕತ್ತು ಶಾಂಪೂ ಎಲ್ಲಾ ಬಚಾವ್.

ಗುಟ್ಕಾದ್ದೂ ಹಾಗೇ. ಪ್ಲಾಸ್ಟಿಕ್ ಸ್ಯಾಶೇಲಿ ಗುಟ್ಕಾ ಪಾನ್ ಮಸಾಲ ಮಾರಬಾರದು ಅಂತ 2011ರಲ್ಲೇ ನಿಯಮ ಬಂತು, ನಮ್ಮ ರಾಜ್ಯ 2013ರ ಮೇ ತಿಂಗಳಲ್ಲಿ ಗುಟ್ಕಾನೇ ನಿಷೇಧ ಮಾಡ್ತು. ಏನಾಯ್ತು? ಮಸಾಲ ಒಂದು ಪಾಕೀಟಲ್ಲಿ, ತಂಬಾಕು ಇನ್ನೊಂದು ಪಾಕೀಟಲ್ಲಿ, ಎರಡನ್ನೂ ಅಕ್ಕಪಕ್ಕ ಸರ ಮಾಡಿ ನೇತಾಕಿದ್ರು, ತಗೊಂಡೋರು ಅಂಗೈಲಿ ಬೆರೆಸಿಕೊಂಡ್ರು. ಮೊದಲು ಒಂದು ಪಾಕೀಟು ಬೀದಿಗೆ ಬೀಳ್ತಿತ್ತು, ನಿಷೇಧ ಆದ ಮೇಲೆ ಎರಡು ಬೀಳೋಕೆ ಶುರುವಾಯ್ತು. ನಿಷೇಧ ಬೇಡ ಅಂತಲ್ಲ ನಾನು ಹೇಳೋದು, ಬರೀ ನಿಷೇಧ ಅಂದ್ರೆ ಹೀಗೇ ಆಗೋದು.

ನೀವೇ ತಯಾರಿಸಿದ ಪ್ಲಾಸ್ಟಿಕ್ಕನ್ನ ನೀವೇ ವಾಪಸ್ ತಗೊಳ್ಳೋ ವ್ಯವಸ್ಥೆ ಮಾಡಿ ಅಂತ ಕಂಪನಿಗಳಿಗೆ ಹೇಳೋ ನಿಯಮಾನೂ ಇದೆ, 2022ರ ಫೆಬ್ರವರೀಲಿ ಅದಕ್ಕೆ ವರ್ಷವಾರು ಗುರಿ ಕೊಟ್ರು, 2023-24ಕ್ಕೆ ನೂರಕ್ಕೆ ನೂರು. ಕಂಪನಿ ತಾನೇ ಆರಿಸಬೇಕಾಗಿಲ್ಲ, ಮರುಬಳಕೆ ಮಾಡಿದೋರಿಂದ ಇಷ್ಟು ಪ್ಲಾಸ್ಟಿಕ್ ಮರುಬಳಕೆ ಆಯ್ತು ಅನ್ನೋ ಸರ್ಟಿಫಿಕೇಟ್ ಕೊಂಡ್ರೆ ಸಾಕು. 2023ರಲ್ಲೇ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ ಪರಿಶೀಲನೆ ಮಾಡಿದಾಗ ಸುಮಾರು 6 ಲಕ್ಷ ನಕಲಿ ಸರ್ಟಿಫಿಕೇಟ್ ಸಿಕ್ಕಿದ್ವು. ಕಾಗದದ ಮೇಲೆ ಪ್ಲಾಸ್ಟಿಕ್ ಕರಗಿತ್ತು, ಮೋರೀಲಿ ಹಾಗೇ ಇತ್ತು.

ಇನ್ನು ನಮ್ಮ ಕಡೆ ಬರೋಣ, ಅದನ್ನ ಬಿಟ್ರೆ ಮೋಸ ಆಗುತ್ತೆ. 2025ರ ಫೆಬ್ರವರೀಲಿ ಇಡ್ಲಿ ವಿಷಯ ದೊಡ್ಡ ಸುದ್ದಿ ಆಯ್ತಲ್ಲ, ಆಹಾರ ಸುರಕ್ಷತಾ ಇಲಾಖೆಯವರು 250ರಷ್ಟು ಕಡೆ ತಪಾಸಣೆ ಮಾಡಿದ್ರು, 52 ಕಡೆ ಇಡ್ಲಿ ತಟ್ಟೆಗೆ ಬಟ್ಟೆ ಬದಲು ಪ್ಲಾಸ್ಟಿಕ್ ಹಾಳೆ ಹಾಕಿ ಬೇಯಿಸ್ತಿದ್ರು. ಹೋಟೆಲ್‌ನವರಿಗೆ ಎಲ್ಲರೂ ಉಗಿದ್ರು, ಉಗೀಬೇಕಾದ್ದೇ. ಆದ್ರೆ ಅದೇ ಹೋಟೆಲಿಂದ ಕುದಿಯೋ ಸಾಂಬಾರನ್ನ ಪ್ಲಾಸ್ಟಿಕ್ ಕವರಲ್ಲಿ ಕಟ್ಟಿಸ್ಕೊಂಡು ಬರೋರು ಯಾರು? ಹೋಟೆಲ್ ಮನೆಯಿಂದ ಮೂರು ನಿಮಿಷದ ದಾರಿ, ಅಡುಗೆಮನೇಲಿ ಸ್ಟೀಲ್ ಡಬ್ಬ ಸಾಲಾಗಿ ಇದಾವೆ, ಆದ್ರೂ ಕವರು. ಮದುವೆ ಮನೇಲಿ ತಾಂಬೂಲ ಕೊಡೋ ಬಣ್ಣದ ಬ್ಯಾಗ್ ಬಟ್ಟೇದು ಅಂತ ಎಷ್ಟೋ ಜನ ತಿಳ್ಕೊಂಡಿದಾರೆ, ಬಹಳಷ್ಟು ಅದು ಪಾಲಿಪ್ರೊಪಿಲೀನ್, ಪ್ಲಾಸ್ಟಿಕ್ಕೇ. ಬೆಂಕಿಗೆ ಹಿಡಿದ್ರೆ ಕರಗಿ ತೊಟ್ಟಿಕ್ಕುತ್ತೆ.

ಆದ್ರೆ ಒಂದು ಮಾತು, ಗಾರೆ ಕೆಲಸ ಮಾಡಿ ಬಂದ ಹೆಣ್ಣುಮಗಳು ಎರಡು ರೂಪಾಯಿ ಶಾಂಪೂ ಸ್ಯಾಶೆ ತಗೊಂಡ್ರೆ ಅವಳಿಗೆ ಪರಿಸರದ ಪಾಠ ಹೇಳೋಕೆ ನಾನು ರೆಡಿ ಇಲ್ಲ. ಇನ್ನೂರು ರೂಪಾಯಿ ಬಾಟ್ಲಿಗೆ ಅವಳ ಹತ್ರ ಒಟ್ಟಿಗೆ ದುಡ್ಡಿರಲ್ಲ. ಆಯ್ಕೆ ಅನ್ನೋದು ಇರೋರಿಗೆ, ನನಗೆ ಇದೆ, ನಿಮ್ಮಲ್ಲಿ ತುಂಬಾ ಜನಕ್ಕೆ ಇದೆ.

ನಮ್ಮ ಮೈಸೂರಿನವರು ಊಟಿಗೆ ಹೋಗ್ತಾರಲ್ಲ, ಕಕ್ಕನಹಳ್ಳ ಚೆಕ್‌ಪೋಸ್ಟ್‌ನಲ್ಲಿ ತಮಿಳುನಾಡಿನವರು ಕಾರು ನಿಲ್ಲಿಸಿ ಸಣ್ಣ ನೀರಿನ ಬಾಟ್ಲಿ ಕಿತ್ಕೋತಾರೆ, ಸೀಟಿನ ಕೆಳಗೆ ಬಚ್ಚಿಡೋ ಬುದ್ಧಿವಂತರೂ ಇದಾರೆ ಬಿಡಿ. ಆದ್ರೆ ನನಗೆ ಇಷ್ಟ ಆಗಿದ್ದು ಅದಲ್ಲ. 2022ರಲ್ಲಿ ಮದ್ರಾಸ್ ಹೈಕೋರ್ಟ್ ಹೇಳಿದ ಮೇಲೆ ಅದೇ ನೀಲಗಿರೀಲಿ ಸರ್ಕಾರಿ ಮದ್ಯದಂಗಡಿಗಳು ಬಾಟ್ಲಿಗೆ ಹತ್ತು ರೂಪಾಯಿ ಜಾಸ್ತಿ ಇಸ್ಕೊಂಡು, ಖಾಲಿ ಬಾಟ್ಲಿ ತಂದುಕೊಟ್ರೆ ವಾಪಸ್ ಕೊಡೋಕೆ ಶುರು ಮಾಡಿದ್ವು. ಕಾಡಲ್ಲಿ ಆನೆ ಕಾಲಿಗೆ ಗಾಜು ಚುಚ್ಚುತ್ತೆ ಅನ್ನೋದು ಕಾರಣ. ಬಹುಪಾಲು ಬಾಟ್ಲಿ ವಾಪಸ್ ಬಂದ್ವು, ಆಮೇಲೆ ಬೇರೆ ಜಿಲ್ಲೆಗೂ ಹಬ್ಬಿಸಿದ್ರು. ಕುಡಿದೋರಿಗೆ ರಾತ್ರೋರಾತ್ರಿ ಸಿವಿಕ್ ಸೆನ್ಸ್ ಬಂತಾ? ಇಲ್ಲ ಸ್ವಾಮಿ, ಹತ್ತು ರೂಪಾಯಿ ಕೆಲಸ ಮಾಡ್ತು. ನಾವು ಚಿಕ್ಕವರಿದ್ದಾಗ ಸೋಡಾ ಬಾಟ್ಲಿ ಅಂಗಡಿಗೆ ಹಿಂದಿರುಗಿಸ್ತಿದ್ದದ್ದೂ ಇದೇ ಲೆಕ್ಕದ ಮೇಲೆ.

ಐದು ರೂಪಾಯಿ ಬಿಸ್ಕತ್ತಿಗೆ ಡೆಪಾಸಿಟ್ ಇಡೋಕಾಗಲ್ಲ, ಒಪ್ತೀನಿ. ಆದ್ರೆ ರಾಗಿಗೆ ಭತ್ತಕ್ಕೆ ಬೆಂಬಲ ಬೆಲೆ ಅಂತ ಇದೆಯಲ್ಲ, ಹಾಗೇ ಆ ಬೆಳ್ಳಿ ರ‍್ಯಾಪರ್‌ಗೂ ಕೆಜಿಗೆ ಇಷ್ಟು ಅಂತ ಗುಜರಿ ಅಂಗಡೀಲೇ ಬೆಲೆ ನಿಗದಿ ಮಾಡ್ಲಿ, ಆ ದುಡ್ಡು ಕಂಪನಿಗಳಿಂದ ಬರ್ಲಿ, ಸರ್ಟಿಫಿಕೇಟ್ ಕೊಳ್ಳೋ ಬದಲು ನಿಜವಾಗಿ ತೂಕಕ್ಕೆ ಬಂದ ಮಾಲಿಗೆ ಕೊಡ್ಲಿ. ಆಯೋರಿಗೂ ಎರಡು ಕಾಸು ಸಿಗುತ್ತೆ. ಮೋರಿ ತಾನಾಗೇ ಖಾಲಿ ಆಗುತ್ತೋ ಇಲ್ವೋ ನೋಡಿ.

ಈ ವ್ಯವಸ್ಥೇಲಿ ನಮ್ಮ ಪಾಲು ಏನಪ್ಪಾ ಅಂದ್ರೆ, ಮಾಲು ಕೆಡಿಸದೇ ಇರೋದು. ಹಸಿ ಕಸ ಒಣ ಕಸ ಬೇರೆ ಮಾಡಿ ಅಂತ ಆಟೋ ಟಿಪ್ಪರ್‌ನಲ್ಲಿ ದಿನಾ ಹಾಡು ಹಾಕ್ಕೊಂಡು ಬರ್ತಾರೆ, ನಮಗದು ಬರೀ ಹಾಡು. ಹಾಲಿನ ಕವರ್‌ಗೆ ನಿನ್ನೆ ಅನ್ನ ಸಾರು ಮೆತ್ತಿಕೊಂಡ್ರೆ ಗುಜರೀಲಿ ಅದಕ್ಕೆ ಬೆಲೆ ಇಲ್ಲ, ಅಲ್ಲಿಗೆ ಅದೂ ಗುಡ್ಡೆಗೆ. ತೊಳೆದು ಒಣಗಿಸಿ ಇಡೋಕೆ ಒಂದು ನಿಮಿಷ. ಹಾಲಿನ ಕವರ್ ಕತ್ತರಿಸುವಾಗ ಮೂಲೆ ಪೂರ್ತಿ ಕತ್ತರಿಸಿ ಬಿಸಾಕಬೇಡಿ, ಸ್ವಲ್ಪ ಅಂಟ್ಕೊಂಡೇ ಇರ್ಲಿ, ಆ ಪುಟ್ಟ ತುಂಡನ್ನ ಜಗತ್ತಲ್ಲಿ ಯಾರೂ ಆರಿಸಲ್ಲ. ಬೆಂಗಳೂರಲ್ಲಿ 2025ರ ಏಪ್ರಿಲ್‌ನಿಂದ ಕಸಕ್ಕೆ ಅಂತಾನೇ ಶುಲ್ಕ ವಸೂಲಿ ಶುರುವಾಗಿದೆ, ಗಲಾಟೆನೂ ಆಗಿದೆ. ಕೊಡೋಣ, ತಪ್ಪಿಲ್ಲ, ಆದ್ರೆ ಕೊಟ್ಟ ಮೇಲೆ ಕೇಳೋಣ, ನಮ್ಮ ಹತ್ರ ಇಸ್ಕೊಂಡ್ರಿ, ಪ್ಯಾಕೆಟ್ ಮಾಡಿದೋರ ಹತ್ರ ಎಷ್ಟು ಇಸ್ಕೊಂಡ್ರಿ ಅಂತ.

ಕಂಪನಿಯವರು ರೇಟ್ ಜಾಸ್ತಿ ಆಗುತ್ತೆ, ಐದು ರೂಪಾಯಿ ಪ್ಯಾಕಲ್ಲಿ ಒಂದು ಬಿಸ್ಕತ್ ಕಮ್ಮಿ ಮಾಡಬೇಕಾಗುತ್ತೆ ಅಂತಾರೆ. ಈಗೇನು, ಹೇಳ್ದೇ ಕೇಳ್ದೇ ಕಮ್ಮಿ ಮಾಡ್ತಾನೇ ಬಂದಿದಾರೆ. ಇನ್ನೊಂದು ಕಮ್ಮಿ ಆಗ್ಲಿ, ಮೋರಿ ಕ್ಲೀನ್ ಮಾಡೋ ಖರ್ಚು ಪೌರಕಾರ್ಮಿಕರ ಬೆನ್ನ ಮೇಲೆ ಬೀಳೋ ಬದಲು ಆ ಬಿಸ್ಕತ್ತಿನ ರೇಟಲ್ಲೇ ಸೇರ್ಲಿ. ನಮಸ್ಕಾರ.