ಗೌಪೆನ್ ಅಂದರೆ ಬೊಗಸೆ

ಕೇಳುಗರಿಗೆ ನಮಸ್ಕಾರ.

ಒಂದು ಸಲ ಎರಡೂ ಅಂಗೈ ಸೇರಿಸಿ ಮುಂದೆ ಹಿಡಿಯಿರಿ. ಯಾರೋ ಕಡಲೆಪುರಿ ಸುರಿಯುತ್ತಾರೆ ಅನ್ನುವ ಹಾಗೆ. ಇದು ಬೊಗಸೆ, ಅಲ್ವಾ? ದಿನಬಳಕೆಯ ಇಂಗ್ಲಿಷಿನಲ್ಲಿ ಇದಕ್ಕೆ ಒಂದು ಪದ ಹುಡುಕಿ, ಸುಲಭಕ್ಕೆ ಸಿಗುವುದಿಲ್ಲ. ಸ್ಕಾಟ್ಲೆಂಡಿನ ಸ್ಕಾಟ್ಸ್ ಮಾತಿನಲ್ಲಿ ಇದೆ: ಗೌಪೆನ್.

ಹಿಂದಿನ ಕಾಲದಲ್ಲಿ ಅಲ್ಲಿನ ಎಷ್ಟೋ ರೈತರು ತಮ್ಮ ಜಮೀನಿಗೆ ಗೊತ್ತುಮಾಡಿದ ಗಿರಣಿಗೇ ಕಾಳು ಒಯ್ಯಬೇಕಿತ್ತು. ಬೀಸಿದ್ದರಲ್ಲಿ ಗಿರಣಿಯ ಪಾಲು ಬೇರೆ. ಅಲ್ಲಿ ದುಡಿಯುವ ಆಳುಗಳಿಗೂ ಒಂದಿಷ್ಟು ಹಿಟ್ಟು ಸಲ್ಲುತ್ತಿತ್ತು. ಆ ಪಾಲಿನ ಹೆಸರೂ ಗೌಪೆನ್. ಕಾನೂನಿನ ಪುಸ್ತಕಗಳಿಗೂ ಈ ಪದ ಹೋಯಿತು. ನನಗೆ ಇದು ತುಂಬ ಇಷ್ಟ. ಹಿಟ್ಟು ಮೆತ್ತಿದ ಎರಡು ಕೈ ಕಣ್ಣಿಗೆ ಕಟ್ಟುತ್ತದೆ.

ಕೈಯ ಪದಗಳು ಇನ್ನೂ ಇವೆ. ಅಂಗೈ ಅಂದರೆ ಲೂಫ್. ಮುಷ್ಟಿ ಅಂದರೆ ನೀವ್. ಕಿರುಬೆರಳು ಪಿಂಕಿ. ಈ ಪಿಂಕಿ ಮಾತ್ರ ಕಡಲು ದಾಟಿ ಅಮೆರಿಕದ ಮನೆಮಾತಾಯಿತು.

ಕಿವಿ ಅಂದರೆ ಲಗ್. ಬಟ್ಟಲಿನ ಹಿಡಿಯೂ ಲಗ್ಗೇ. ನಮ್ಮ ಅಡುಗೆಮನೆಯಲ್ಲೂ ಪಾತ್ರೆಗೆ ಕಿವಿ ಇದೆಯಲ್ಲ, ಹಾಗೇ. ಮೂಗು ನೆಬ್, ಹಕ್ಕಿಯ ಕೊಕ್ಕೂ ಅದೇ. ದೊಡ್ಡ ದೊಡ್ಡ ಪಂಡಿತರ ಪದಗಳಿಗೆ ಅವರು 'ಉದ್ದ ಮೂಗಿನ ಪದಗಳು' ಅನ್ನುತ್ತಾರೆ. ಒಂದು ಕಣ್ಣು 'ಈ', ಎರಡಾದರೆ 'ಈನ್'. ಇದು ಹಳೆಯ ಬಹುವಚನ. ಇಂಗ್ಲಿಷು ಬಿಟ್ಟುಬಿಟ್ಟದ್ದನ್ನು ಸ್ಕಾಟ್ಸ್ ಉಳಿಸಿಕೊಂಡಿದೆ.

ಇಷ್ಟಿದ್ದರೂ ಶಾಲೆಯಲ್ಲಿ ಇದಕ್ಕೆ ಕೆಟ್ಟ ಇಂಗ್ಲಿಷ್ ಅನ್ನುವ ಹೆಸರು ಬಂತು. ತರಗತಿಯಲ್ಲಿ ಮನೆಯ ಮಾತಾಡಿದ ಮಕ್ಕಳಿಗೆ ಚರ್ಮದ ಪಟ್ಟಿಯ ಏಟು ಬಿದ್ದದ್ದುಂಟು. ಏಟು ಬೀಳುತ್ತಿದ್ದದ್ದು ಅಂಗೈ ಮೇಲೆ. ಆ ಅಂಗೈಗೆ ಅವರ ಮನೆಯಲ್ಲಿ ಲೂಫ್ ಅನ್ನುತ್ತಿದ್ದರು. ಇದನ್ನು ನೆನೆದಾಗಲೆಲ್ಲ ನನಗೆ ಸಂಕಟವಾಗುತ್ತದೆ. ಲೂಫ್ ಆಗಲಿ ಗೌಪೆನ್ ಆಗಲಿ ಯಾರೋ ತಪ್ಪಾಗಿ ಉಚ್ಚರಿಸಿದ ಇಂಗ್ಲಿಷ್ ಅಲ್ಲ. ಅವು ಉತ್ತರದ ಕಡಲಿನ ಆಚೆಯಿಂದ, ಹಿಂದೆ ನಾರ್ವೆ ಕಡೆ ಇದ್ದ ನಾರ್ಸ್ ಜನರ ಮಾತಿನಿಂದ ಬಂದು ಅಲ್ಲಿ ಬೇರುಬಿಟ್ಟ ಪದಗಳು.

ಆದರೂ ಮಾತು ಸಾಯಲಿಲ್ಲ. 2011ರ ಜನಗಣತಿಯಲ್ಲಿ ಮೊದಲ ಸಲ ಸ್ಕಾಟ್ಸ್ ಬಗ್ಗೆ ಕೇಳಿದರು. 15 ಲಕ್ಷಕ್ಕೂ ಜಾಸ್ತಿ ಜನ 'ನಮಗೆ ಮಾತಾಡಲು ಬರುತ್ತದೆ' ಅಂದರು.

ಕೊನೆಗೆ ಇನ್ನೊಂದು ಪದ ಹೇಳಿಬಿಡುತ್ತೇನೆ: ಆಕ್ಸ್‌ಟರ್. ಅಂದರೆ ಕಂಕುಳು. ನಾವು ಕುತ್ತಿಗೆಮಟ್ಟ ಸಾಲ ಅನ್ನುತ್ತೇವೆ. ಅವರು ಕಂಕುಳಮಟ್ಟ ಕೆಲಸ ಅನ್ನುತ್ತಾರೆ. ಈ ಪದ ಕ್ರಿಯಾಪದವೂ ಹೌದು. ಒಬ್ಬರ ತೋಳಿನ ಸಂದಿಯಲ್ಲಿ ಕೈ ತೂರಿಸಿ, ಆಸರೆ ಕೊಟ್ಟು ನಡೆಸಿಕೊಂಡು ಹೋದರೆ ಅದು ಆಕ್ಸ್‌ಟರ್ ಮಾಡುವುದು. ಜನವರಿಯ ಬೆಳಿಗ್ಗೆ ರಸ್ತೆಯ ಮೇಲೆ ಮಂಜು ಗಟ್ಟಿಯಾಗಿರುತ್ತದೆ. ಕಾಲಿಟ್ಟರೆ ಜಾರುತ್ತದೆ. ಅಂಗಡಿಗೆ ಹೊರಟ ಅಜ್ಜಿಯ ತೋಳಿನಲ್ಲಿ ಮೊಮ್ಮಗಳು ತೋಳು ಸೇರಿಸುತ್ತಾಳೆ. ಇಬ್ಬರೂ ಮೆಲ್ಲಗೆ ಹೆಜ್ಜೆ ಇಡುತ್ತಾರೆ.

ನಮಸ್ಕಾರ.