ಎದುರಿಗೆ ಯಾರೂ ಬರದ ರಸ್ತೆ

ಎಲ್ಲರಿಗೂ ನಮಸ್ಕಾರ.

"ಆಫ್ರಿಕಾದಲ್ಲಿ ಹನ್ನೆರಡು ದಿನ ಲಾಡ್ಜ್‌ನಲ್ಲಿ ಇದ್ದೆವು" ಅಂದಾಗ ನಮ್ಮ ಪಕ್ಕದ ಮನೆಯವರು ನನ್ನನ್ನು ಒಂಥರಾ ನೋಡಿದರು. ಅವರ ತಪ್ಪೇನಿಲ್ಲ. ನಮಗೆ ಲಾಡ್ಜ್ ಅಂದರೆ ಬಸ್ ಸ್ಟ್ಯಾಂಡ್ ಎದುರಿನ ಕಟ್ಟಡ. ಕೆಳಗೆ ಹೋಟೆಲು, ಮೇಲೆ ರೂಮು, ಬೆಳಿಗ್ಗೆ ಆರರಿಂದ ಎಂಟರವರೆಗೆ ಮಾತ್ರ ಬಿಸಿನೀರು. ನಮೀಬಿಯಾದಲ್ಲಿ ಲಾಡ್ಜ್ ಅಂದರೆ ಬೇರೆಯೇ. ಸುತ್ತ ಹತ್ತಾರು ಕಿಲೋಮೀಟರ್ ಒಂದೂ ಮನೆ ಇಲ್ಲದ ಬಯಲಲ್ಲಿ ಹತ್ತು ಹದಿನೈದು ಕೋಣೆ, ಒಂದು ಊಟದ ಮನೆ, ಒಂದು ಬೋರ್‌ವೆಲ್ಲು, ಒಂದಷ್ಟು ಸೋಲಾರ್ ಪ್ಯಾನೆಲ್ಲು. ಅದು ಬಿಟ್ಟರೆ ಮುಂದಿನ ದೀಪ ಕಾಣುವುದು ಮುಂದಿನ ಲಾಡ್ಜ್‌ನಲ್ಲೇ.

ನಾನು ಬ್ಯಾಂಕಿನಲ್ಲಿ ಕೆಲಸ ಮಾಡಿ ನಿವೃತ್ತಳಾದವಳು. ಕಾರು ಓಡಿಸುವುದು ನಾನೇ. ನಮ್ಮ ಯಜಮಾನರು ಮ್ಯಾಪ್ ಹಿಡಿದು ಪಕ್ಕದಲ್ಲಿ ಕೂರುತ್ತಾರೆ. ಆಗುಂಬೆ ಘಾಟಿಯಲ್ಲಿ ಮಳೆಗಾಲದಲ್ಲೂ ಓಡಿಸಿದ್ದೇನೆ, ಇನ್ನೇನು ಬೇಕು ಅಂತ ಜಂಬ ಇತ್ತು. ಆ ಜಂಬ ಎಲ್ಲಿ, ಹೇಗೆ ಇಳಿಯಿತು ಅನ್ನುವುದೇ ಇವತ್ತಿನ ಮಾತಿನ ಮುಖ್ಯ ಭಾಗ.

ಮೊದಲು ದೇಶದ ಲೆಕ್ಕ ಹೇಳಿಬಿಡುತ್ತೇನೆ. ನಮೀಬಿಯಾದ ವಿಸ್ತೀರ್ಣ ಸುಮಾರು 8.25 ಲಕ್ಷ ಚದರ ಕಿಲೋಮೀಟರ್, ಅಂದರೆ ನಾಲ್ಕು ಕರ್ನಾಟಕಕ್ಕಿಂತ ಜಾಸ್ತಿ. 2023ರ ಜನಗಣತಿ ಪ್ರಕಾರ ಅಲ್ಲಿನ ಜನಸಂಖ್ಯೆ ಸುಮಾರು 30 ಲಕ್ಷ. ಅದರಲ್ಲೂ ಹೆಚ್ಚಿನವರು ಉತ್ತರದಲ್ಲಿ ಮತ್ತು ರಾಜಧಾನಿ ವಿಂಡ್‌ಹುಕ್‌ನಲ್ಲಿ ಇದ್ದಾರೆ. ಮರುಭೂಮಿ ಕಡೆಗೆ ಹೋಗಲು ಬಸ್ಸು ಇಲ್ಲ. ಹಾಗಾಗಿ ಬಂದವರೆಲ್ಲ ಗಾಡಿ ಬಾಡಿಗೆಗೆ ತಗೊಂಡು ತಾವೇ ಓಡಿಸುತ್ತಾರೆ. ನಮಗೆ ಒಂದು ಅನುಕೂಲ ಏನೆಂದರೆ ಅಲ್ಲೂ ಎಡಗಡೆ ಚಾಲನೆ. ಮೊದಲು ಜರ್ಮನರ ಕೈಯಲ್ಲಿದ್ದ ದೇಶ, ಆಮೇಲೆ ದಕ್ಷಿಣ ಆಫ್ರಿಕಾದ ಹಿಡಿತಕ್ಕೆ ಹೋಯಿತು, ಸ್ವತಂತ್ರವಾಗಿದ್ದು 1990ರ ಮಾರ್ಚ್ 21ರಂದು. ಆಡಳಿತ ಭಾಷೆ ಇಂಗ್ಲಿಷ್. ಇಲ್ಲಿ ಆರ್‌ಟಿಒ ಆಫೀಸಿನಲ್ಲಿ ಅಂತರರಾಷ್ಟ್ರೀಯ ಪರ್ಮಿಟ್ ಮಾಡಿಸಿಕೊಂಡು ಹೋಗಿದ್ದೆ.

ಬಾಡಿಗೆ ಗಾಡಿ ಕೊಟ್ಟಿದ್ದು ಹೈಲಕ್ಸ್, ಟೊಯೋಟಾದ ಪಿಕಪ್. ಎರಡು ಸ್ಟೆಪ್ನಿ. ಒಂದು ಹಿಂದೆ ಸಾಮಾನಿನ ಜೊತೆ, ಇನ್ನೊಂದು ಗಾಡಿಯ ಹೊಟ್ಟೆಯಡಿ ನೇತಾಡುತ್ತಿರುತ್ತದೆ. ಗಾಡಿ ಒಪ್ಪಿಸಿದ ಹುಡುಗ ಮುಕ್ಕಾಲು ಗಂಟೆ ಮಾತಾಡಿದ. ಅದರಲ್ಲಿ ಅರ್ಧ ಗಂಟೆ ಟೈರಿನ ವಿಷಯವೇ. ಆಮೇಲೆ ಒಂದು ಕಾಗದ ಮುಂದಿಟ್ಟು ಒಂದು ಸಾಲಿನ ಮೇಲೆ ಬೆರಳಿಟ್ಟ. ಬೇರೆ ಗಾಡಿಯ ಸಂಬಂಧವೇ ಇಲ್ಲದೆ ನಮ್ಮ ಗಾಡಿ ತಾನೇ ಮಗುಚಿಕೊಂಡರೆ ಮಾಮೂಲಿ ವಿಮೆ ಬರುವುದಿಲ್ಲ, ಅದಕ್ಕೆ ಬೇರೆ ದುಡ್ಡು ಕಟ್ಟಬೇಕು ಅಂತ. "ಸುಮ್ಸುಮ್ನೆ ಗಾಡಿ ಯಾಕೆ ಮಗುಚತ್ತೆ?" ಅಂದರು ನಮ್ಮವರು. ಹುಡುಗ ನಕ್ಕ. ಇಲ್ಲಿ ಹೊರಗಿನಿಂದ ಬಂದವರಿಗೆ ಆಗುವುದು ಹೆಚ್ಚಾಗಿ ಅದೇ ಅಂದ.

ನನಗೆ ಅರ್ಥವಾಗಿದ್ದು ಎರಡನೇ ದಿನ.

ನೋಡಿ, ನಾವು ಗಾಡಿ ಓಡಿಸುವುದು ಅಂದರೆ ಇನ್ನೊಬ್ಬರ ಜೊತೆ ಮಾತಾಡಿದ ಹಾಗೆ. ಮುಂದೆ ಆಟೋ, ಪಕ್ಕದಲ್ಲಿ ಸ್ಕೂಟರು, ಅಡ್ಡ ಬರುವ ಹಸು, ಹಿಂದಿನಿಂದ ಹಾರ್ನ್ ಹೊಡೆಯುವ ಬಸ್ಸು. ಇವರೆಲ್ಲ ಸೇರಿ ನಮ್ಮ ವೇಗ ಎಷ್ಟಿರಬೇಕು ಅಂತ ತೀರ್ಮಾನ ಮಾಡುತ್ತಾರೆ. ನಾವು ಬೈಕೊಂಡು ಬ್ರೇಕ್ ಒತ್ತುತ್ತೇವೆ ಅಷ್ಟೆ. ಅಲ್ಲಿ ಯಾರೂ ಇಲ್ಲ. ಒಂದು ಗಂಟೆಗೆ ಒಂದು ಗಾಡಿ ಎದುರಾದರೆ ಕೈ ಎತ್ತಿ ನಮಸ್ಕಾರ ಮಾಡುತ್ತಾರೆ. ರಸ್ತೆ ಅಗಲ, ನೆಟ್ಟಗೆ, ಆಕಾಶ ನೀಲಿ. ಕಾಲು ತಾನಾಗಿಯೇ ಆಕ್ಸಿಲರೇಟರ್ ಮೇಲೆ ಭಾರವಾಗುತ್ತದೆ. ಹೇಳುವವರಿಲ್ಲ, ಕೇಳುವವರಿಲ್ಲ.

ಆದರೆ ಆ ರಸ್ತೆ ಡಾಂಬರಿನದಲ್ಲ. ಬಿ ಅಂತ ಗುರುತಿರುವ ಹೆದ್ದಾರಿಗಳು ಡಾಂಬರು, ಸಿ ಮತ್ತು ಡಿ ರಸ್ತೆಗಳು ಹೆಚ್ಚಾಗಿ ಜಲ್ಲಿ. ಗಟ್ಟಿ ನೆಲದ ಮೇಲೆ ಸಡಿಲ ಕಲ್ಲು ಹರಡಿರುತ್ತದೆ. ಕಡ್ಲೆಕಾಳು ಚೆಲ್ಲಿದ ಗಾರೆ ನೆಲದ ಮೇಲೆ ನಡೆದಿದ್ದೀರಾ? ಅದೇ ಅನುಭವ. ಅಲ್ಲಲ್ಲಿ ರಸ್ತೆಯೇ ತಗಡಿನ ಶೀಟಿನ ಹಾಗೆ ಅಲೆ ಅಲೆ ಆಗಿರುತ್ತದೆ. ಗಾಡಿಗಳ ಚಕ್ರ ಕುಣಿದು ಕುಣಿದು ಆದ ಅಲೆ ಅದು. ಗ್ರೇಡರ್ ಬಂದು ಕೆರೆದು ಸಪಾಟು ಮಾಡಿ ಹೋಗುತ್ತದೆ, ಮತ್ತೆ ಅಲೆ ಏಳುತ್ತದೆ. ನಿಧಾನವಾಗಿ ಹೋದರೆ ಹಲ್ಲು ಕಟಕಟ ಅನ್ನುತ್ತದೆ. ಜೋರಾಗಿ ಹೋದರೆ ಟೈರು ಅಲೆಯ ತುದಿಯಿಂದ ತುದಿಗೆ ಹಾರಿಕೊಂಡು ಹೋಗಿ ಹಾಯಾಗಿರುತ್ತದೆ. ಮೋಸ ಇರುವುದೇ ಆ ಹಾಯಿಯಲ್ಲಿ. ಟೈರು ನೆಲ ಬಿಟ್ಟಿರುತ್ತದೆ, ನಮಗೆ ಗೊತ್ತಾಗುವುದಿಲ್ಲ.

ಬಾಡಿಗೆ ಕಂಪನಿ ಜಲ್ಲಿ ರಸ್ತೆಗೆ 80ರ ಮಿತಿ ಹಾಕಿತ್ತು. ನಾನು 90 ದಾಟಿದ್ದೆ. ಒಂದು ತಿರುವು ಬಂತು, ತೀರಾ ಸಾಧಾರಣ ತಿರುವು. ಸ್ಟೀರಿಂಗ್ ತಿರುಗಿಸಿದೆ, ಮುಂಭಾಗ ತಿರುಗಿತು, ಹಿಂಭಾಗ ತನ್ನ ಪಾಡಿಗೆ ತಾನು ನೆಟ್ಟಗೆ ಹೊರಟಿತು. ಬ್ರೇಕ್ ಒತ್ತಬೇಡ ಅಂತ ಆ ಹುಡುಗ ಹೇಳಿದ್ದು ಅದು ಹೇಗೋ ನೆನಪಾಯಿತು. ಕಾಲು ಎತ್ತಿದೆ. ಗಾಡಿ ಎರಡು ಸಲ ಬಾಲ ಅಲ್ಲಾಡಿಸಿ ಸರಿಹೋಯಿತು. ನಿಲ್ಲಿಸಿ ಹಿಂದೆ ನೋಡಿದರೆ ನಮ್ಮದೇ ಧೂಳು ರಸ್ತೆ ತುಂಬ. ನಮ್ಮವರು ಏನೂ ಅನ್ನಲಿಲ್ಲ. ನೀರಿನ ಬಾಟಲಿ ತೆಗೆದು ಕೊಟ್ಟರು. ಅವತ್ತಿನಿಂದ 70.

ಆಗುಂಬೆಯ ತಿರುವಿನಲ್ಲಿ ನನಗೆ ಯಾವತ್ತೂ ಹೀಗೆ ಆಗಿರಲಿಲ್ಲ. ಅಲ್ಲಿ ಎದುರಿಂದ ಬಸ್ಸು ಬಂದೀತು ಅನ್ನುವ ಭಯ ನನ್ನನ್ನು ಕಾಯುತ್ತಿತ್ತು.

ಪಂಕ್ಚರ್ ಆಗಿದ್ದು ನಾಲ್ಕನೇ ದಿನ, ಸಿ14 ರಸ್ತೆಯಲ್ಲಿ, ಮಟಮಟ ಮಧ್ಯಾಹ್ನ. ಸಾಲಿಟೇರ್ ಅಂತ ಒಂದು ಊರು ಇದೆ. ಊರು ಅಂದರೆ ಒಂದು ಪೆಟ್ರೋಲ್ ಬಂಕು, ಒಂದು ಬೇಕರಿ, ಮರಳಲ್ಲಿ ಅರ್ಧ ಹೂತಿರುವ ಹಳೇ ಕಾರುಗಳು. ಅಲ್ಲಿನ ಆ್ಯಪಲ್ ಪೈ ಇಡೀ ದೇಶದಲ್ಲಿ ಹೆಸರುವಾಸಿ. ಅಲ್ಲಿಂದ ಸಮುದ್ರ ತೀರದ ವಾಲ್ವಿಸ್ ಬೇಗೆ ಸುಮಾರು 230 ಕಿಲೋಮೀಟರ್, ನಡುವೆ ಒಂದೂ ಬಂಕಿಲ್ಲ. ಪೈ ತಿಂದು, ಟ್ಯಾಂಕ್ ತುಂಬಿಸಿ ಹೊರಟೆವು. ಮಕರ ಸಂಕ್ರಾಂತಿ ವೃತ್ತ ದಾಟುವ ಕಡೆ ಒಂದು ಬೋರ್ಡು ಇದೆ. ಎಲ್ಲಾ ದೇಶದವರೂ ಸ್ಟಿಕರ್ ಅಂಟಿಸಿ ಅಂಟಿಸಿ ಅಕ್ಷರವೇ ಕಾಣುವುದಿಲ್ಲ. ಫೋಟೋ ತೆಗೆದು ವಾಪಸ್ ಬಂದರೆ ಹಿಂದಿನ ಎಡಗಡೆ ಟೈರು ಕೂತಿದೆ.

ಕೆಲಸ ಗೊತ್ತು. ಆದರೂ ಜಾಕ್ ಏರಿಸಿದಷ್ಟೂ ಅದು ನೆಲಕ್ಕೆ ಇಳಿಯುತ್ತಿತ್ತು, ಗಾಡಿ ಮೇಲೇಳುತ್ತಿರಲಿಲ್ಲ. ನಮ್ಮವರು ಅಷ್ಟು ದೂರ ನಡೆದು ಚಪ್ಪಟೆ ಕಲ್ಲೊಂದನ್ನು ಹೊತ್ತು ತಂದರು. ಅದರ ಮೇಲೆ ಜಾಕ್ ನಿಂತಿತು. ನಟ್ಟುಗಳು ಜಪ್ಪಯ್ಯ ಅಂದರೂ ಕದಲಲಿಲ್ಲ. ಸ್ಪ್ಯಾನರ್ ಮೇಲೆ ನಿಂತು, ಹೌದು, ಚೂಡಿದಾರ್ ಹಾಕಿಕೊಂಡು ಸ್ಪ್ಯಾನರ್ ಮೇಲೆ ಹತ್ತಿ ನಿಂತು ಕುಪ್ಪಳಿಸಿದೆ. ಐದು ನಟ್ಟು ಬಿಟ್ಟುಕೊಟ್ಟವು, ಆರನೆಯದು ಹಟ ಹಿಡಿಯಿತು. ಅಷ್ಟರಲ್ಲಿ ದೂರದಲ್ಲಿ ಧೂಳಿನ ಬಾಲ ಕಾಣಿಸಿತು. ಒಂದು ಹಳೇ ಪಿಕಪ್. ಕೈ ತೋರಿಸುವ ಮೊದಲೇ ನಿಲ್ಲಿಸಿದರು. ಇಬ್ಬರು ಇಳಿದರು, ಹಲೋ ಅಂದರು, ಉದ್ದನೆಯ ಪೈಪ್ ಒಂದನ್ನು ಸ್ಪ್ಯಾನರಿಗೆ ತೊಡಿಸಿ ಒಂದೇ ಎಳೆತಕ್ಕೆ ಬಿಚ್ಚಿದರು. ದುಡ್ಡು ಕೊಡಲು ಹೋದೆ, ತಗೊಳ್ಳಲಿಲ್ಲ. ನಾನು ಇಲ್ಲಿಂದ ಒಯ್ದಿದ್ದ ಕೋಡುಬಳೆ ಡಬ್ಬಿ ಕೊಟ್ಟೆ. ಅದನ್ನು ತಗೊಂಡರು.

ಎಲ್ಲರೂ ಕೇಳುವುದು ಮರಳುಗುಡ್ಡದ ಬಗ್ಗೆ. ಅದನ್ನೂ ಹೇಳುತ್ತೇನೆ. ಅವು ಇರುವುದು ನಮೀಬ್ ಮರುಭೂಮಿಯ ರಾಷ್ಟ್ರೀಯ ಪಾರ್ಕಿನೊಳಗೆ, ಸೆಸ್ರಿಯಮ್ ಅನ್ನುವುದು ಅಲ್ಲಿಗೆ ಹೋಗುವ ಬಾಗಿಲು. ಆಫ್ರಿಕಾನ್ಸ್ ಭಾಷೆಯಲ್ಲಿ ಆರು ಬಾರು ಅಂತ ಅರ್ಥ. ಕಣಿವೆಯ ತಳದ ನೀರು ಸೇದಲು ಎತ್ತಿನ ಆರು ಚರ್ಮದ ಬಾರುಗಳನ್ನು ಗಂಟು ಹಾಕಬೇಕಿತ್ತಂತೆ. ಅಲ್ಲಿಂದ 60 ಕಿಲೋಮೀಟರ್ ಒಳ್ಳೆ ಡಾಂಬರು, ಕೊನೆಯ 5 ಕಿಲೋಮೀಟರ್ ಬರೀ ಮರಳು. ಫೋರ್ ವೀಲ್ ಇದ್ದವರು ಟೈರಿನ ಗಾಳಿ ಇಳಿಸಿ ನುಗ್ಗುತ್ತಾರೆ. ನನ್ನ ಕಣ್ಣೆದುರಿಗೇ ಎರಡು ಗಾಡಿ ಹೂತು ಕೂತವು. ನಾನು ಶಟಲ್ ಹತ್ತಿದೆ. ನಾಚಿಕೆ ಏನಿಲ್ಲ. ಒಂದು ಮಾತು: ಗೇಟು ತೆಗೆಯುವುದು ಸೂರ್ಯ ಹುಟ್ಟುವಾಗ. ಪಾರ್ಕಿನ ಒಳಗಡೆ ಉಳಿದುಕೊಂಡವರಿಗೆ ಮಾತ್ರ ಒಂದು ಗಂಟೆ ಮೊದಲು ಬಿಡುತ್ತಾರೆ. ಬೆಳಗಿನ ಬಣ್ಣ ನೋಡುವ ಆಸೆ ಇದ್ದರೆ ಒಳಗಿನ ರೂಮಿಗೆ ಜಾಸ್ತಿ ದುಡ್ಡು ಕೊಡಿ, ತಪ್ಪಿಲ್ಲ.

ಡೆಡ್‌ವ್ಲೈ ಅಂತ ಬಿಳಿ ಜೇಡಿನ ಬಟ್ಟಲು ಇದೆ. ಹಿಂದೆ ಅಲ್ಲಿಗೆ ನದಿಯ ನೀರು ಬರುತ್ತಿತ್ತು, ಮರಗಳಿದ್ದವು. ಮರಳು ಅಡ್ಡ ಬಂದು ನೀರು ನಿಂತಿತು. ಮರಗಳು ಸತ್ತು ಆರೇಳು ನೂರು ವರ್ಷ ಆಗಿರಬಹುದು ಅನ್ನುತ್ತಾರೆ, ಅಂದರೆ ಹೆಚ್ಚುಕಡಿಮೆ ಹಕ್ಕ ಬುಕ್ಕರ ಕಾಲ. ಇನ್ನೂ ನಿಂತೇ ಇವೆ, ಕಪ್ಪಗೆ. ಕೊಳೆಯಲಿಕ್ಕೂ ತೇವ ಬೇಕಲ್ವಾ?

ಮಲೆನಾಡಿನವಳಾದ ನನಗೆ ಅದು ಸುಲಭಕ್ಕೆ ಜೀರ್ಣವಾಗಲಿಲ್ಲ. ನಮ್ಮಲ್ಲಿ ಜೂನ್ ತಿಂಗಳಲ್ಲಿ ಚಪ್ಪಲಿ ಹೊರಗೆ ಬಿಟ್ಟರೆ ಮೂರು ದಿನಕ್ಕೆ ಬೂಸ್ಟು. ಅಲ್ಲಿ ಕರಾವಳಿಯಲ್ಲಿ ಇಡೀ ವರ್ಷದ ಮಳೆ 20 ಮಿಲಿಮೀಟರ್ ಆಸುಪಾಸು. ಬದುಕು ನಡೆಯುವುದು ಮಂಜಿನಿಂದ. ಸಮುದ್ರದ ಬೆಂಗ್ವೆಲಾ ಪ್ರವಾಹ ತಣ್ಣಗಿನದು, ಅದರ ಮೇಲೆ ಹಾದುಬಂದ ಗಾಳಿ ಮಂಜಾಗಿ ಒಳನಾಡಿಗೆ ನುಗ್ಗುತ್ತದೆ. ಒಂದು ಜಾತಿ ಕಪ್ಪು ಹುಳ ಮರಳಿನ ಏಣಿನ ಮೇಲೆ ಹತ್ತಿ ತಲೆಕೆಳಗಾಗಿ ನಿಲ್ಲುತ್ತದೆ. ಬೆನ್ನಿನ ಮೇಲೆ ಮಂಜು ಹನಿಗಟ್ಟಿ ಬಾಯಿಗೆ ಇಳಿಯುತ್ತದೆ. ಅದರ ಅವತ್ತಿನ ನೀರು ಅಷ್ಟೆ.

ಇನ್ನು ಲಾಡ್ಜ್‌ಗಳ ವಿಷಯ. ಮರುಭೂಮಿ ಅಂಚಿನ ಎಷ್ಟೋ ಲಾಡ್ಜ್‌ಗಳು ಮೊದಲು ಕುರಿ ಸಾಕುವ ಜಮೀನಾಗಿದ್ದವು. ಕಾರಾಕುಲ್ ಅನ್ನುವ ಕುರಿಯ ಎಳೇ ಮರಿಗಳ ತೊಗಲಿಗೆ ಯುರೋಪಿನಲ್ಲಿ ಕೋಟು ಹೊಲಿಯಲು ಬೇಡಿಕೆ ಇತ್ತು. 1980ರ ದಶಕದಲ್ಲಿ ಬರವೂ ಬಂತು, ಮಾರುಕಟ್ಟೆಯೂ ಬಿತ್ತು. ಕುರಿ ಹೋಗಿ ಪ್ರವಾಸಿಗರು ಬಂದರು. ನಮೀಬ್‌ರಾಂಡ್ ಅಂತ 2 ಲಕ್ಷ ಹೆಕ್ಟೇರಿಗೂ ಮೀರಿದ ಖಾಸಗಿ ಅಭಯಾರಣ್ಯ ಇದೆ, ಅದು ಇಂಥ ಜಮೀನುಗಳನ್ನು ಒಂದೊಂದಾಗಿ ಕೊಂಡು, ಬೇಲಿ ಕಿತ್ತು ಮಾಡಿದ್ದು. ಬೇಲಿ ಹೋದ ಮೇಲೆ ಆರಿಕ್ಸ್‌ಗಳು, ಅಂದರೆ ಉದ್ದ ಕೊಂಬಿನ ದೊಡ್ಡ ಜಿಂಕೆಯಂಥ ಪ್ರಾಣಿಗಳು, ಮಳೆ ಬಿದ್ದ ಕಡೆಗೆ ನಡೆದು ಹೋಗಲು ಶುರು ಮಾಡಿದವು.

ಊಟದ್ದು ಮೊದಲೇ ಹೇಳಿಡಿ. ಎರಡು ವಾರ ಮುಂಚೆ ಸಸ್ಯಾಹಾರ ಅಂತ ಬರೆದರೆ ಏನಾದರೂ ಮಾಡಿಟ್ಟಿರುತ್ತಾರೆ. ಹೇಳದೆ ಹೋದರೆ ಆರಿಕ್ಸ್ ಮಾಂಸವೇ ಗತಿ. ನಮಗೆ ಸತತ ಐದು ರಾತ್ರಿ ಸಿಹಿಗುಂಬಳ ಸಿಕ್ಕಿತು, ಒಂದೊಂದು ರಾತ್ರಿ ಒಂದೊಂದು ವೇಷದಲ್ಲಿ. ಇಂಡಿಯಾದವರು ಅಂದ ಕೂಡಲೇ ಬಡಿಸುವವರು ಕೇಳುತ್ತಿದ್ದುದು ಚೀತಾಗಳ ಬಗ್ಗೆ. 2022ರ ಸೆಪ್ಟೆಂಬರಿನಲ್ಲಿ ಅಲ್ಲಿಂದ ಎಂಟು ಚೀತಾ ಕುನೋಗೆ ಬಂದವಲ್ಲ, ನಮ್ಮ ಹುಡುಗಿಯರು ಹೇಗಿದ್ದಾರೆ ಅಂತ ನೆಂಟರನ್ನು ವಿಚಾರಿಸಿದ ಹಾಗೆ.

ಸ್ವಾಕೊಪ್‌ಮುಂಡ್ ಊರಿನ ಬಗ್ಗೆ ಒಂದೇ ಮಾತು. ಪ್ರವಾಸದ ಪುಸ್ತಿಕೆಗಳಲ್ಲಿ ಅದು ಜರ್ಮನ್ ಕೇಕು, ಚಂದದ ಹಳೇ ಕಟ್ಟಡಗಳ ಊರು. ಊರಂಚಿನ ಸ್ಮಶಾನಕ್ಕೂ ಹೋಗಿ. 1904ರಿಂದ 1908ರ ನಡುವೆ ಜರ್ಮನ್ ಸೇನೆ ಹೆರೆರೊ ಮತ್ತು ನಾಮಾ ಜನರನ್ನು ಕೊಂದಿತು, ಉಳಿದವರನ್ನು ಶಿಬಿರಗಳಲ್ಲಿ ಕೂಡಿಹಾಕಿ ಸಾಯಿಸಿತು. ಅಂಥ ಒಂದು ಶಿಬಿರ ಈ ಊರಲ್ಲೇ ಇತ್ತು. ಜರ್ಮನ್ನರಿಗೆ ಕೆತ್ತನೆಯ ಕಲ್ಲುಗಳಿವೆ. ಅದರಾಚೆ ಹೆಸರಿಲ್ಲದ ಸಣ್ಣ ಸಣ್ಣ ಮರಳ ದಿಬ್ಬಗಳು, ಸಾಲುಸಾಲಾಗಿ. ಅದು ನರಮೇಧ ಅಂತ ಜರ್ಮನಿ ಒಪ್ಪಿಕೊಂಡಿದ್ದು 2021ರಲ್ಲಿ. ಅವತ್ತು ನನಗೆ ಕೇಕು ಸೇರಲಿಲ್ಲ.

ಉತ್ತರದ ಎಟೋಶಾ ರಾಷ್ಟ್ರೀಯ ಪಾರ್ಕಿನ ಪ್ರಾಣಿಗಳ ಬಗ್ಗೆ ಹೇಳಲು ಹೋದರೆ ರಾತ್ರಿಯಾಗುತ್ತದೆ, ಫೋಟೋ ಇವೆ, ಆಮೇಲೆ ನೋಡಿ. ವಾಯವ್ಯದ ಡಮಾರಾಲ್ಯಾಂಡ್ ಪ್ರದೇಶದ ಒಂದು ಸಂಜೆಯದು ಮಾತ್ರ ಹೇಳಿ ಮುಗಿಸುತ್ತೇನೆ.

ಟ್ವೀಫಲ್‌ಫಾಂಟೇನ್ ಬಂಡೆಗಳ ಮೇಲಿನ ಪುರಾತನ ಕೆತ್ತನೆಗಳನ್ನು ನೋಡಿಕೊಂಡು ಲಾಡ್ಜ್‌ಗೆ ಬಂದಾಗ ನಾಲ್ಕೂವರೆ. ಕೌಂಟರಿನಲ್ಲಿದ್ದ ಹೆಂಗಸು ಒಂದು ರೂಲ್ಡ್ ಪುಸ್ತಕ ತೆಗೆದು ನಮ್ಮ ಹೆಸರಿನ ಮುಂದೆ ಟಿಕ್ ಹಾಕಿದಳು. ಬ್ಯಾಂಕಿನವಳಲ್ವಾ, ಲೆಡ್ಜರ್ ಕಂಡರೆ ಕಣ್ಣು ಹೋಗುತ್ತದೆ. ಇವತ್ತು ಬರಬೇಕಾದವರು, ಎಲ್ಲಿಂದ ಹೊರಟಿದ್ದಾರೆ, ಎಷ್ಟು ಹೊತ್ತಿಗೆ ಹೊರಟಿದ್ದಾರೆ, ಬಂದರಾ ಇಲ್ವಾ. ನಾವು ಬೆಳಿಗ್ಗೆ ಹೊರಟ ಹೊತ್ತು ಕೂಡ ಅಲ್ಲಿತ್ತು. ಹಿಂದಿನ ಲಾಡ್ಜ್‌ನವರು ಫೋನ್ ಮಾಡಿ ಹೇಳಿದ್ದರು. ಒಂದು ಹೆಸರಿನ ಮುಂದೆ ಮಾತ್ರ ಖಾಲಿ.

ಆರು ದಾಟಿತು, ಕತ್ತಲಾಯಿತು. ಕತ್ತಲಲ್ಲಿ ಅಲ್ಲಿ ಯಾರೂ ಗಾಡಿ ಓಡಿಸುವುದಿಲ್ಲ, ಆರಿಕ್ಸ್, ಅದರ ಹಾಗೇ ದೊಡ್ಡದಾದ ಕುಡು ಅನ್ನುವ ಪ್ರಾಣಿ ರಸ್ತೆಗೆ ಬಂದು ನಿಲ್ಲುತ್ತವೆ. ಊಟಕ್ಕೆ ಕರೆದರು. ಯಾರೂ ಏನೂ ಹೇಳಲಿಲ್ಲ, ಆದರೆ ಬಡಿಸುವವರು ನಡುನಡುವೆ ಹೊರಗೆ ಹೋಗಿ ನೋಡಿ ಬರುತ್ತಿದ್ದರು. ಏಳಕ್ಕೆ ಇಬ್ಬರು ಹುಡುಗರು ಪಿಕಪ್‌ನಲ್ಲಿ ಎರಡು ಟೈರು, ಒಂದು ಕ್ಯಾನ್ ನೀರು, ಕಂಬಳಿ ಹಾಕಿಕೊಂಡು ಹೊರಟರು. ನಾವೆಲ್ಲ ಊಟ ಮುಗಿದರೂ ಏಳಲಿಲ್ಲ. ಒಂಬತ್ತೂವರೆಗೆ ದೂರದಲ್ಲಿ ಬೆಳಕು ಕಂಡಿತು. ಮೊದಲು ಒಂದು ಜೊತೆ, ಅದರ ಹಿಂದೆ ಇನ್ನೊಂದು ಜೊತೆ. ಬಂದವರು ನಮ್ಮ ವಯಸ್ಸಿನ ಗಂಡ ಹೆಂಡತಿ. ಎರಡು ಪಂಕ್ಚರ್, ಎರಡೂ ಸ್ಟೆಪ್ನಿ ಖಾಲಿ. ತಲೆಯಿಂದ ಕಾಲಿನವರೆಗೆ ಬಿಳಿ ಧೂಳು.

ಕೌಂಟರಿನ ಹೆಂಗಸು ಅವರಿಗೆ ಬಿಸಿ ಸೂಪು ತರಲು ಹೇಳಿ, ಡ್ರಾಯರಿನಿಂದ ಆ ಪುಸ್ತಕ ತೆಗೆದಳು.